ಸೊಲ್ಲಾಪುರದ ನಾಲ್ವರು ಹುತಾತ್ಮರು: ಅದು ಮೇ ದಿನದ ಗೋಲಿಬಾರ್ ಅಲ್ಲ

ಸೊಲ್ಲಾಪುರದ ನಾಲ್ವರು ಹುತಾತ್ಮರ ಪುತ್ಥಳಿಗಳ ಫೋಟೊ ಜೊತೆ ಒಂದು ಮೆಸೇಜ್ ಓಡಾಡುತ್ತಿದೆ: 'ಮೇ ದಿನದಂದು ಮಿಲ್ ಗೇಟಿನಲ್ಲಿ ಗುಂಡಿಗೆ ಬಲಿಯಾದ ನಾಲ್ವರು ಕಾರ್ಮಿಕರು.' ಇದು ತಪ್ಪು.

ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಗುಂಡಿಗೆ ಬಲಿಯಾದವರಲ್ಲ. ಪೊಲೀಸರನ್ನು ಕೊಂದ ಆರೋಪ ಹೊರಿಸಿ ಬ್ರಿಟಿಷರು ಅವರನ್ನು ಗಲ್ಲಿಗೇರಿಸಿದರು. ಅದೂ ಸೊಲ್ಲಾಪುರದಲ್ಲಿ ಅಲ್ಲ, ಪುಣೆಯ ಯೆರವಡಾ ಜೈಲಿನಲ್ಲಿ, 1931ರ ಜನವರಿ 12ರಂದು. ನಾಲ್ವರೂ ಮಿಲ್ ಕಾರ್ಮಿಕರು ಅನ್ನೋದೂ ಸರಿಯಲ್ಲ. ಸಾರಡಾ ವ್ಯಾಪಾರಿ ಮನೆತನದವರು, ಹುಸೇನ್ ಪತ್ರಿಕೆ ನಡೆಸುತ್ತಿದ್ದವರು.

ಹಾಗಂತ ಮಿಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. 1930ರ ಮೇ ಮೊದಲ ವಾರ ಗಾಂಧೀಜಿ ಬಂಧನದ ಸುದ್ದಿ ಬಂತು. ಬಟ್ಟೆ ಮಿಲ್‌ಗಳ ಕಾರ್ಮಿಕರು ಕೆಲಸ ಬಿಟ್ಟು ಬೀದಿಗಿಳಿದರು. ಗೋಲಿಬಾರ್ ಆಯಿತು, ಜನ ಸತ್ತರು. ಕೋರ್ಟಿಗೆ ಬೆಂಕಿ ಬಿತ್ತು. ನಾಲ್ವರ ಮೇಲಿನ ಕೊಲೆ ಕೇಸು ಈ ಗಲಭೆಯದ್ದೇ. ಕೊನೆಗೆ ಬ್ರಿಟಿಷರು ಊರಿಗೆ ಮಾರ್ಷಲ್ ಲಾ (ಸೇನಾಡಳಿತ) ಹೇರಿದರು. ಗಾಂಧಿ ಟೋಪಿ ಹಾಕಿದರೂ ಹಿಡಿಯುತ್ತಿದ್ದರು. ಮೆಸೇಜ್ ಬರೆದವರು ಆ ಗೋಲಿಬಾರನ್ನೂ ಈ ಗಲ್ಲನ್ನೂ ಸುಮ್ನೆ ಕಲಸಿಬಿಟ್ಟಿದ್ದಾರೆ.

ಮೇ 1 ಮಹಾರಾಷ್ಟ್ರ ದಿನವೂ ಹೌದು, ಅದಕ್ಕೇ ಗೊಂದಲ ಜಾಸ್ತಿ ಇರಬೇಕು. ನಾಲ್ವರಿಗೆ ಹಾರ ಹಾಕುವುದು ಜನವರಿ 12ಕ್ಕೆ, ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಯ ಹೊತ್ತಿಗೆ.