ಡೋರ್ ಲಾಕ್ ವಿಷಯದಲ್ಲಿ ಹಿರಿಯರ ಮಾತೂ ಬೇಡ

ಐಟಿಐ ಮುಗಿಸಿ ನಮ್ಮ ಲಿಫ್ಟ್ ಲೈನಿಗೆ ಬರುವ ಹುಡುಗರಿಗೆ ಮೊದಲ ದಿನವೇ ಸಿಗುವ ಉಪದೇಶ: "ಅಲ್ಲಿ ಕಲಿತದ್ದನ್ನೆಲ್ಲ ಬದಿಗಿಡು ಮಾರಾಯ, ಕೆಲಸ ಕಲೀಲಿಕ್ಕೆ ಇರುವುದು ಇಲ್ಲಿ." ಈ ಮಾತು ಎಲ್ಲಿಯವರೆಗೆ ಸರಿ, ಎಲ್ಲಿಂದ ಅಪಾಯ ಅಂತ ಮಂಗಳೂರಿನಲ್ಲಿ ಇದೇ ಕೆಲಸ ಮಾಡಿಕೊಂಡು ಬಂದ ನಾವೇ ಹೇಳಬೇಕು.

ನಾನು ಪಳಗಿದ್ದು ಶಾಲೆಯನ್ನು ಅರ್ಧಕ್ಕೇ ಬಿಟ್ಟ ಒಬ್ಬ ಅಣ್ಣನ ಕೈಕೆಳಗೆ. ಮೆಷಿನ್ ರೂಮಿಗೆ ಹೋದರೆ ಏನನ್ನೂ ಮುಟ್ಟದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕೇಳುತ್ತಿದ್ದರು. ಬ್ರೇಕ್ ಕಚ್ಚುವ ಸದ್ದು ತುಸು ಬದಲಾದರೂ "ಲೈನರ್ ನೋಡು" ಅನ್ನುತ್ತಿದ್ದರು, ಅಂದರೆ ಬ್ರೇಕಿನ ಸವೆಯುವ ಪಟ್ಟಿ. ಒಮ್ಮೆ ಶೀವ್ (ಲಿಫ್ಟಿನ ಉಕ್ಕಿನ ರೋಪ್ ಹಾಯುವ ಗಾಲಿ) ಕೆಳಗೆ ಬಿದ್ದ ಕೆಂಪು ಹುಡಿಯನ್ನು ಬೆರಳಲ್ಲಿ ಉಜ್ಜಿ ತೋರಿಸಿ, ಇದು ಬರೀ ಕಡಲಗಾಳಿಯ ತುಕ್ಕಲ್ಲ, ರೋಪಿನ ಎಳೆಗಳು ಒಣಗಿ ಒಳಗೇ ಒಂದಕ್ಕೊಂದು ತಿಕ್ಕಿ ಸವೆಯುತ್ತಿವೆ ಅಂದರು. ಗಾಬರಿಯಾಗಿ ಗ್ರೀಸ್ ಮೆತ್ತಿದರೆ ಶೀವ್ ಮೇಲಿನ ಹಿಡಿತ ಜಾರುತ್ತದೆ ಅಂತಲೂ. ಆಮೇಲೆ ವರ್ನಿಯರ್ ಅಳತೆಗೋಲು ಕೈಗೆ ಕೊಟ್ಟು ರೋಪಿನ ವ್ಯಾಸ ಅಳೆಸಿದರು. ಸಂಶಯ ಬಂದದ್ದು ಕಣ್ಣಿಗೆ, ಆದರೂ ರೋಪ್ ಬದಲಿಸಬೇಕೋ ಬೇಡವೋ ಅಂತ ಹೇಳುತ್ತಿದ್ದದ್ದು ಅಳತೆ ನೋಡಿಯೇ. ಅಂಥವರ ಜೊತೆ ಒಂದು ಮಳೆಗಾಲ ಕಳೆದ ಹುಡುಗ ಪುಣ್ಯವಂತ.

ನನ್ನ ಸಿಟ್ಟು ಇರುವುದು ಇನ್ನೊಂದು ಉಪದೇಶದ ಮೇಲೆ. "ಡೋರ್ ಲಾಕ್ ಪ್ರಾಬ್ಲಮ್ಮಾ? ಶಾರ್ಟ್ ಮಾಡಿ ಓಡಿಸು, ನಾಳೆ ನೋಡುವ." ಅಂದರೆ ಬಾಗಿಲು ಮುಚ್ಚಿ ಲಾಕ್ ಆಗಿದೆಯೇ ಅಂತ ನೋಡುವ ಸ್ವಿಚ್ಚನ್ನು ವೈರ್ ಹಾಕಿ ದಾಟಿಸು ಅಂತ.

ಜನ ಹೆದರುವುದು ರೋಪ್ ತುಂಡಾಗುತ್ತದೆ ಅಂತ. ಅದಕ್ಕೆ ಉತ್ತರ ಲಿಫ್ಟಿನ ಸೇಫ್ಟಿ ಬ್ರೇಕ್ ಮಾಡಿದ ಎಲಿಷಾ ಓಟಿಸ್ 1854ರಲ್ಲೇ ಕೊಟ್ಟಿದ್ದಾನೆ, ನ್ಯೂಯಾರ್ಕಿನಲ್ಲಿ ತಾನು ನಿಂತಿದ್ದ ಪ್ಲಾಟ್‌ಫಾರ್ಮಿನ ಹಗ್ಗವನ್ನು ಜನರೆದುರೇ ಕಡಿಸಿ. ಬ್ರೇಕ್ ಹಿಡಿಯಿತು, ಅವನು ಬೀಳಲಿಲ್ಲ. ಈಗಂತೂ ಹಲವು ರೋಪ್, ವೇಗ ಮಿತಿ ಮೀರಿದರೆ ಹಿಡಿಯುವ ಗವರ್ನರ್, ಲಿಫ್ಟನ್ನು ಹಳಿಗೆ ಕಚ್ಚಿಸಿ ನಿಲ್ಲಿಸುವ ಸೇಫ್ಟಿ ಗೇರ್ ಎಲ್ಲ ಉಂಟು. ನಿಜವಾದ ಭಯ ಬಾಗಿಲಿನದ್ದು. ಎಲ್ಲ ಮಹಡಿಗಳ ಡೋರ್ ಲಾಕ್ ಕಾಂಟ್ಯಾಕ್ಟುಗಳು ಒಂದೇ ಸೇಫ್ಟಿ ಸರ್ಕ್ಯೂಟಿನಲ್ಲಿ ಸಾಲಾಗಿ ಇರುತ್ತವೆ. ಒಂದು ತೆರೆದರೂ ಲಿಫ್ಟ್ ಓಡಬಾರದು. ಬೆರಳುದ್ದದ ವೈರ್ ಹಾಕಿ ಅದನ್ನು ಶಾರ್ಟ್ ಮಾಡಿದಿರೋ, ಬಾಗಿಲು ತೆರೆದಿದ್ದರೂ ಲಿಫ್ಟ್ ಹೊರಡಬಹುದು. ಒಳಗೊಂದು ಹೊರಗೊಂದು ಕಾಲಿಟ್ಟವರ ಗತಿ ಏನು? ಮರುದಿನ ಬೇರೆ ಮೆಕ್ಯಾನಿಕ್ ಬರುತ್ತಾನೆ, ಆ ವೈರ್ ಇರುವುದೇ ಅವನಿಗೆ ಗೊತ್ತಿರುವುದಿಲ್ಲ.

ಫಾಲ್ಟ್ ಹುಡುಕಲು ಶಾರ್ಟ್ ಮಾಡಲೇಬೇಕಾದರೆ ಲಿಫ್ಟ್ ಇನ್‌ಸ್ಪೆಕ್ಷನ್ ಮೋಡಿನಲ್ಲಿ (ಮೆಕ್ಯಾನಿಕ್ ಮಾತ್ರ ನಿಧಾನಕ್ಕೆ ಓಡಿಸುವ ಸ್ಥಿತಿ) ಇರಬೇಕು, ವೈರ್ ಎದ್ದು ಕಾಣುವ ಬಣ್ಣದ್ದಾಗಬೇಕು, ಹಾಕಿದಷ್ಟನ್ನೂ ಎಣಿಸಿ ತೆಗೆದ ಮೇಲೆಯೇ ನಾರ್ಮಲ್‌ಗೆ ತರಬೇಕು. ಇದು ಸರಿಯಾದ ತರಬೇತಿಯ ಶಿಸ್ತು. ಐಟಿಐಯಲ್ಲಿ ಲಿಫ್ಟ್ ಮತ್ತು ಎಸ್ಕಲೇಟರ್ ಮೆಕ್ಯಾನಿಕ್ ಅಂತ 2 ವರ್ಷದ ಟ್ರೇಡ್ ಇರುವುದು, ರಾಜ್ಯದಲ್ಲಿ 2012ರ ಲಿಫ್ಟ್ ಕಾಯ್ದೆ ಇರುವುದು ಸುಮ್ಮನೆ ಅಲ್ಲ. "ನಿನಗಿಂತ ಮೊದಲಿಂದ ಮಾಡ್ತಿದ್ದೇನೆ" ಎಂಬ ಮಾತು ಇದರೆದುರು ನಿಲ್ಲಬಾರದು, ಹೇಳಿದವರು ಎಷ್ಟೇ ದೊಡ್ಡ ಸೀನಿಯರ್ ಆಗಿರಲಿ.

ಹಾಗಂತ ಸೀನಿಯರ್‌ಗಳು ಕೆಟ್ಟವರಲ್ಲ. ಕಡಿಮೆ ರೇಟಿನ ಎಎಂಸಿ (ವರ್ಷದ ಮೇಂಟೆನೆನ್ಸ್ ಕರಾರು), ಹತ್ತು ನಿಮಿಷಕ್ಕೊಮ್ಮೆ ಬರುವ ಫೋನ್, ಸ್ಟಾಕಿನಲ್ಲಿಲ್ಲದ ಪಾರ್ಟ್, ಇವೆಲ್ಲ ಸೇರಿ ಆ ವೈರ್ ಹಾಕಿಸುತ್ತವೆ. ಕದ್ರಿ, ಬಿಜೈ, ಬೆಂದೂರ್‌ವೆಲ್ ಕಡೆಯ ಅಪಾರ್ಟ್‌ಮೆಂಟ್ ಕಮಿಟಿಯವರಲ್ಲಿ ಕೇಳಿಕೊಳ್ಳುತ್ತೇನೆ: "ಪಾರ್ಟ್ ಬರುವ ತನಕ ಲಿಫ್ಟ್ ಬಂದ್ ಸರ್" ಅಂದ ಹುಡುಗನಿಗೆ ಬೈಯಬೇಡಿ, ಅವನ ಮೇಲೆ ಕಂಪೆನಿಗೆ ದೂರು ಕೊಡಬೇಡಿ. ಪ್ರತಿ ಮಹಡಿಯಲ್ಲೂ ಬೋರ್ಡ್ ಹಾಕಿ, ಮೆಟ್ಟಿಲು ಹತ್ತಲಾಗದ ಅಜ್ಜ ಅಜ್ಜಿಯರಿಗೆ ಹಾಲು, ಔಷಧಿ ಎಂತ ಬೇಕೋ ಕೇಳಿ ಮೇಲೆ ಮುಟ್ಟಿಸಿ.