ಕೂಸಿನ ಚೀಲ ಎಷ್ಟು ದೊಡ್ಡದಿರಬೇಕು?

ಹಾವೇರಿಯಲ್ಲಿರುವ ನನ್ನ ತಂಗಿಗೆ ಶ್ರಾವಣದಲ್ಲಿ ಹೆರಿಗೆಯ ದಿನ ಹೇಳಿದ್ದಾರೆ. ಹೋದ ವಾರ ಅವಳು ಮೂರು ಡೈಪರ್ ಬ್ಯಾಗುಗಳ ಚಿತ್ರ ಕಳಿಸಿ, "ಅಕ್ಕಾ, ಇದರಾಗ ಯಾವುದು ತಗೊಳ್ಳಲಿ?" ಎಂದು ಕೇಳಿದಳು. ಮೂರೂ ದೊಡ್ಡವು, ಮೂರಕ್ಕೂ ಎಣಿಸಲಾರದಷ್ಟು ಜೇಬು. "ಮೂರೂ ಬ್ಯಾಡ" ಎಂದು ನಾನು ಎರಡೇ ಮಾತಿನಲ್ಲಿ ಉತ್ತರಿಸಿದ್ದು ಅವಳಿಗೆ ಬೇಸರ ತರಿಸಿತೆಂದು ಕಾಣುತ್ತದೆ. ಕಾರಣಗಳನ್ನು ಬರೆದು ಕಳಿಸೋಣವೆಂದು ಕುಳಿತರೆ ಬರಹ ಉದ್ದವಾಯಿತು. ಬಸುರಿಯರಿರುವ ಬೇರೆ ಮನೆಗಳಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಹಾಕುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಆರು ವರ್ಷಗಳ ಹಿಂದೆ ಹಿರಿಯ ಮಗಳು ಹುಟ್ಟುವ ಮುನ್ನ ನಾನು ಆನ್‌ಲೈನಿನಲ್ಲಿ ತರಿಸಿದ ಚೀಲದ ಅಳತೆ 17 ಇಂಚು ಎತ್ತರ, 12 ಇಂಚು ಅಗಲ, 9 ಇಂಚು ದಪ್ಪ. ಗದಗಿನ ತವರಿನಲ್ಲಿ ಅದನ್ನು ಬಿಚ್ಚಿದಾಗ ಅವ್ವ ಒಳಗೆ ಮೊಣಕೈವರೆಗೆ ಕೈಹಾಕಿ ನೋಡಿ, "ಇದೇನ ಕೂಸಿನ ಚೀಲೋ, ಊರು ಬಿಡೋರ ಗಂಟೋ?" ಎಂದಿದ್ದಳು. ನಾನು ನಕ್ಕು ಸುಮ್ಮನಾದೆ. ದೊಡ್ಡ ಚೀಲದ ಕೆಟ್ಟ ಗುಣವೆಂದರೆ ಅದು ಖಾಲಿ ಇರಲು ಒಪ್ಪುವುದಿಲ್ಲ. ಜಾಗವಿದೆಯಲ್ಲ ಎಂದು ಹನ್ನೆರಡು ಡೈಪರ್, ಇರಲಿ ಎಂದು ಇನ್ನೊಂದು ದುಪಟಿ, ಯಾತಕ್ಕೂ ಬೇಕಾದೀತೆಂದು ಬಿಸಿನೀರಿನ ಥರ್ಮಾಸು, ಯಾರೋ ಉಡುಗೊರೆ ಕೊಟ್ಟ ಹಾಲಿನ ಬಾಟಲಿ ಎರಡು, ಪೌಡರ್ ಡಬ್ಬಿ, ಗಿಲಕಿ, ಹೀಗೆ ಬಾಯಿ ತುಂಬುವವರೆಗೆ ತುಂಬುತ್ತಲೇ ಹೋದೆ. ಒಂದು ದಿನ ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಅದನ್ನಿಟ್ಟಾಗ ತೂಕ 5 ಕೆ.ಜಿ. 800 ಗ್ರಾಂ ಬಂತು. ಖಾಲಿ ಚೀಲವೇ 1 ಕೆ.ಜಿ. 200 ಗ್ರಾಂ ಇತ್ತು. ಆಗ ಒಂದೂವರೆ ತಿಂಗಳಿನವಳಾಗಿದ್ದ ಮಗಳು ತೂಗುತ್ತಿದ್ದದ್ದು 4 ಕೆ.ಜಿ. 100 ಗ್ರಾಂ.

ಆ ಚೀಲದ ನಿಜವಾದ ಪರೀಕ್ಷೆಯಾದದ್ದು ಆರನೆಯ ವಾರದ ಲಸಿಕೆಯ ದಿನ. ಸರದಿ ಬಂದಾಗ ಸಿಸ್ಟರ್ ತಾಯಿ ಕಾರ್ಡ್ ಕೇಳಿದರು. ಅದು ಎಲ್ಲದಕ್ಕಿಂತ ಕೆಳಗೆ, ಡೈಪರ್ ಪೊಟ್ಟಣದ ಅಡಿಯಲ್ಲಿ ಸೇರಿಕೊಂಡಿತ್ತು. ಚೀಲದ ಒಳಬಟ್ಟೆ ಕಪ್ಪು, ಆ ಕೋಣೆಯ ಬೆಳಕು ಮಂದ, ನನ್ನ ಎಡಗೈಯಲ್ಲಿ ಕೂಸು, ಬಲಗೈಯೊಂದರಿಂದ ಸರಿಯದ ಜಿಪ್. ಅಷ್ಟರಲ್ಲಿ ಕೂಸು ಹೊಲಸು ಮಾಡಿಕೊಂಡಿತು. ಬೆಂಚಿನ ಮೇಲೆ ಸಂಸಾರವನ್ನೆಲ್ಲ ಹರವಿ ಹುಡುಕುತ್ತಿರುವಾಗ ಪಕ್ಕದಲ್ಲಿ ಮೊಮ್ಮಗನನ್ನು ಎತ್ತಿಕೊಂಡು ಕುಳಿತಿದ್ದ ಹಳ್ಳಿಯ ಅಜ್ಜಿಯೊಬ್ಬರು ತಮ್ಮ ಸಣ್ಣ ಗಂಟಿನಿಂದ ಒಣಗಿದ ಲಂಗೋಟಿಯೊಂದನ್ನು ಎಳೆದು ನನ್ನ ಕೈಗಿಟ್ಟು, "ಕೂಸಿಗಿಂತ ಅದರ ಸಾಮಾನ ದೊಡ್ಡದೈತಲ್ಲವಾ" ಎಂದರು. ಅವರ ಗಂಟು ಒಂದು ಹಳೆಯ ಸೀರೆಯ ತುಂಡು, ಅಷ್ಟೇ. ಗಂಟು ಬಿಚ್ಚಿದರೆ ಒಳಗಿರುವುದೆಲ್ಲ ಒಂದೇ ನೋಟಕ್ಕೆ ಕಾಣುತ್ತದೆ. ನನ್ನ ಚೀಲಕ್ಕೆ ಇಲ್ಲದಿದ್ದ ಗುಣ ಅದೇ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ನವಜಾತ ಕೂಸಿನ ಚೀಲದ ಗಾತ್ರವನ್ನು ಕೂಸು ಮನೆಯ ಹೊರಗೆ ಎಷ್ಟು ಗಂಟೆ ಇರುತ್ತದೆ ಎಂಬುದರಿಂದಲೂ, ಅದನ್ನು ಹೊರುವ ಬಾಣಂತಿಯ ಮೈಯಲ್ಲಿ ಎಷ್ಟು ತ್ರಾಣವಿದೆ ಎಂಬುದರಿಂದಲೂ ನಿರ್ಧರಿಸಬೇಕು. ಜೇಬುಗಳ ಸಂಖ್ಯೆಗೂ ಅದಕ್ಕೂ ಸಂಬಂಧವಿಲ್ಲ.

ಗಂಟೆಯ ಲೆಕ್ಕವನ್ನು ನೋಡೋಣ. ನಮ್ಮ ಕಡೆ ಬಾಣಂತಿ ತವರಿನಲ್ಲಿರುತ್ತಾಳೆ, ಮೊದಲ ಒಂದೂವರೆ ತಿಂಗಳು ಹೊಸ್ತಿಲು ದಾಟುವುದೇ ಅಪರೂಪ. ಹೆಸರಿಡುವುದು ಮನೆಯಲ್ಲಿಯೇ, ಎಣ್ಣೆ ನೀರು ಮನೆಯಲ್ಲಿಯೇ. ಸರ್ಕಾರದ ಲಸಿಕಾ ಪಟ್ಟಿಯಂತೆ ಹುಟ್ಟಿದಾಗಿನ ಲಸಿಕೆಗಳಾದ ಮೇಲೆ ಮುಂದಿನವು 6, 10 ಮತ್ತು 14ನೆಯ ವಾರಗಳಲ್ಲಿ ಬರುತ್ತವೆ. ಇವುಗಳ ಜೊತೆಗೆ ಒಂದೆರಡು ಸಲ ವೈದ್ಯರ ಭೇಟಿ, ಒಂದು ಸಲ ದೇವರ ಗುಡಿ ಸೇರಿಸಿದರೂ ಮೊದಲ ಮೂರೂವರೆ ತಿಂಗಳಲ್ಲಿ ಕೂಸು ಹೊರಗೆ ಹೋಗುವುದು ಐದಾರು ಸಲ, ಅದೂ ಸಾಮಾನ್ಯವಾಗಿ ನಾಲ್ಕು ಗಂಟೆಯೊಳಗೆ. ಜಾಹೀರಾತಿನ ಚೀಲಗಳಾದರೋ ಒಬ್ಬಳೇ ಕಾರು ನಡೆಸಿಕೊಂಡು ದಿನವಿಡೀ ಮಾಲಿನಲ್ಲಿ ತಿರುಗುವ ತಾಯಿಗಾಗಿ ಹೊಲಿದಂಥವು. ನಮ್ಮ ಬಾಣಂತಿಯ ಜೊತೆ ಅವ್ವನೋ ಅತ್ತೆಯೋ ಅಣ್ಣನೋ ಇದ್ದೇ ಇರುತ್ತಾರೆ.

ಡೈಪರನ್ನು ಎರಡು ಮೂರು ಗಂಟೆಗೊಮ್ಮೆ ಬದಲಿಸಬೇಕು, ಹೊಲಸಾದರೆ ಆ ಕ್ಷಣವೇ. ನಾನು ಇಟ್ಟುಕೊಂಡಿರುವ ಲೆಕ್ಕ ಸರಳವಾದದ್ದು: ಹೊರಗಿರುವ ಗಂಟೆಗಳನ್ನು ಎರಡರಿಂದ ಭಾಗಿಸಿ, ಬಂದದ್ದಕ್ಕೆ ಎರಡು ಸೇರಿಸುವುದು. ನಾಲ್ಕು ಗಂಟೆಗೆ ನಾಲ್ಕು, ಆರು ಗಂಟೆಗೆ ಐದು. ಹೊಸ ಕೂಸಿನ ಅಳತೆಯ ಐದು ಡೈಪರುಗಳನ್ನು ಒತ್ತಿ ಜೋಡಿಸಿದರೆ ಒಂದು ಇಟ್ಟಿಗೆಯಷ್ಟು ಜಾಗ ಹಿಡಿಯುತ್ತವೆ. ಇದರ ಮೇಲೆ ಎರಡು ಅಂಗಿ, ಒಂದು ಕುಂಚಗಿ, ಕೆಳಗೆ ಹಾಸಲು ಮಡಚಿದ ರಬ್ಬರ್ ಶೀಟು, ಒರೆಸಲು ಮೆತ್ತನೆಯ ಹತ್ತಿಬಟ್ಟೆ ನಾಲ್ಕು, ಹೊದಿಸಲು ಒಂದು ದುಪಟಿ. ಕೂಸಿಗೆ ಬೇಕಾದದ್ದು ಇಷ್ಟೇ. ಲಂಗೋಟಿಯನ್ನೇ ಕಟ್ಟುವವರಿಗೆ ಈ ಲೆಕ್ಕ ಸಾಲದು, ಏಕೆಂದರೆ ಬಟ್ಟೆಯನ್ನು ಪ್ರತಿ ಉಚ್ಚೆಗೂ ಬದಲಿಸಬೇಕು. ಎಂಟು ಹತ್ತಾದರೂ ಬೇಕು, ತೊಯ್ದವುಗಳನ್ನು ಬೇರೆ ಇಡಲು ನೀರು ಸೋರದ ಚೀಲವೂ ಬೇಕು. ತೊಯ್ದ ಬಟ್ಟೆ ಹಿಂದಿರುಗುವಾಗ ಹೋಗುವಾಗಿಗಿಂತ ಭಾರವಾಗಿರುತ್ತದೆ ಎಂಬುದನ್ನೂ ಮರೆಯಬಾರದು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಲಂಗೋಟಿ ಎರಡು ದಿನವಾದರೂ ಒಣಗದೆ, ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿದ ನೆನಪು ನಮ್ಮಲ್ಲಿ ಎಷ್ಟೋ ಜನರಿಗಿರಬೇಕು. ಆ ದಿನಗಳಲ್ಲಿ ಹೊರಗೆ ಹೋಗುವಾಗ ಮಾತ್ರ ಡೈಪರ್ ಬಳಸುವುದರಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ.

ಬಾಟಲಿಯ ವಿಷಯ ಮಾತ್ರ ಬೇರೆ. ದೊಡ್ಡ ಚೀಲಗಳ ಮೈಯನ್ನು ಸರಿಯಾಗಿ ಗಮನಿಸಿ ನೋಡಿದರೆ ಅವುಗಳ ಸುಮಾರು ಮೂರನೆಯ ಒಂದು ಭಾಗ ಹಾಲಿನ ಬಾಟಲಿಗಾಗಿ, ಅದನ್ನು ಬೆಚ್ಚಗಿಡುವ ಜೇಬಿಗಾಗಿ, ಪುಡಿಯ ಡಬ್ಬಿಗಾಗಿ ಮೀಸಲಾಗಿರುತ್ತದೆ. ಮೊದಲ ಆರು ತಿಂಗಳು ಕೂಸಿಗೆ ತಾಯಿಯ ಹಾಲಲ್ಲದೆ ನೀರು ಕೂಡ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 8ರಿಂದ 12 ಸಲ ಮೊಲೆಯುಣ್ಣುವ ಕೂಸಿಗೆ ಥರ್ಮಾಸು ಏಕೆ? ಹಾಲಿನ ಬಾಟಲಿಯ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಚೀಲದ ಚಿತ್ರದಲ್ಲಿ ಬಾಟಲಿಯೊಂದು ಜೇಬಿನಿಂದ ಇಣುಕುತ್ತಲೇ ಇರುತ್ತದೆ, ಅದನ್ನು ನೋಡಿದ ಚೊಚ್ಚಲ ಬಸುರಿಗೆ ಅದೂ ಬೇಕೇನೋ ಎನ್ನಿಸುತ್ತದೆ. ವೈದ್ಯರ ಸಲಹೆಯ ಮೇಲೆ ಮೇಲುಹಾಲು ಕೊಡಲೇಬೇಕಾದ ತಾಯಂದಿರೂ ಇದ್ದಾರೆ. ಅವರ ಚೀಲ ಸ್ವಲ್ಪ ದೊಡ್ಡದಿರಬೇಕಾದದ್ದು ನ್ಯಾಯವೇ, ಅವರನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ.

ಎಲ್ಲರೂ ಮರೆಯುವುದು ಬಾಣಂತಿಯ ಸಾಮಾನನ್ನು. ಮೊಲೆಯೂಡಿಸುವಾಗ ಆಗುವ ನೀರಡಿಕೆ ಅನುಭವಿಸಿದವರಿಗೇ ಗೊತ್ತು. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ. ಭಾರ, ಕೂಸಿನ ಬಟ್ಟೆಬರೆಯೆಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಅದರ ಜೊತೆಗೆ ಕಿವಿಗೆ ಕಟ್ಟಿಕೊಳ್ಳುವ ಸ್ಕಾರ್ಫು, ಮೊಬೈಲು, ಹಣದ ಪಾಕೀಟು, ಔಷಧ, ಅವ್ವ ಬಿಡದೆ ತುರುಕುವ ಅಂಟಿನ ಉಂಡಿಯ ಡಬ್ಬಿ. ನನ್ನ ಮಟ್ಟಿಗೆ ಈ ಡಬ್ಬಿಯೇ ಚೀಲದಲ್ಲಿ ಅತ್ಯಂತ ಉಪಯುಕ್ತ ವಸ್ತುವಾಗಿತ್ತು, ಲಸಿಕೆಯ ಸರದಿಯಲ್ಲಿ ಎರಡು ತಾಸು ಕುಳಿತವರು ಇದನ್ನು ಒಪ್ಪುತ್ತಾರೆ. ನೀರಿನ ಬಾಟಲಿಯನ್ನು ಜೊತೆಯಲ್ಲಿ ಬಂದವರ ಕೈಗೆ ಕೊಟ್ಟುಬಿಟ್ಟರೆ ಚೀಲ ಅರ್ಧ ಹಗುರವಾಗುತ್ತದೆ.

ಇನ್ನು ಅಳತೆ. ಅಂಗಡಿಯವರು ಇಂಚಿನಲ್ಲಿ ಹೇಳುತ್ತಾರೆ, ಆನ್‌ಲೈನಿನಲ್ಲಿ ಲೀಟರಿನಲ್ಲಿ ಬರೆದಿರುತ್ತಾರೆ, ಎರಡನ್ನೂ ಹೊಂದಿಸಿ ನೋಡಲು ಬಾರದೆ ನಾವು ಚಿತ್ರ ನೋಡಿ ಮೋಸಹೋಗುತ್ತೇವೆ. ಎತ್ತರ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿದರೆ ಸರಿಸುಮಾರು ಲೀಟರ್ ಸಿಗುತ್ತದೆ. ನನ್ನ ಹಳೆಯ ಚೀಲ ಈ ಲೆಕ್ಕದಲ್ಲಿ 30 ಲೀಟರ್, ಅಂದರೆ ಮೂರು ದಿನದ ಪ್ರವಾಸಕ್ಕೆ ಒಬ್ಬರು ಒಯ್ಯುವ ಚೀಲ. ಮೇಲೆ ಹೇಳಿದ ನಾಲ್ಕು ಗಂಟೆಯ ಸಾಮಾನಿಗೆ 9ರಿಂದ 12 ಲೀಟರ್ ಧಾರಾಳವಾಗಿ ಸಾಕು, ಉದಾಹರಣೆಗೆ 12, 9, 5 ಇಂಚಿನದು 9 ಲೀಟರಿನ ಸುಮಾರಿಗೆ ಬರುತ್ತದೆ. ಲಂಗೋಟಿಯವರಿಗೂ, ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೂ 15 ಲೀಟರ್. 18ನ್ನು ದಾಟಿದ ಚೀಲವನ್ನು ಅವಳಿಜವಳಿ ಹೆತ್ತವರು ಮಾತ್ರ ಕೊಳ್ಳಲಿ.

ಗಾತ್ರಕ್ಕಿಂತ ಭಾರದ ವಿಷಯದಲ್ಲಿ ನಾನು ಹೆಚ್ಚು ಹಟಮಾರಿ. ಸಿಸೇರಿಯನ್ ಆದ ತಾಯಿಗೆ ಮೊದಲ ಕೆಲವು ವಾರ ಕೂಸಿಗಿಂತ ಭಾರವಾದದ್ದನ್ನು ಎತ್ತಬಾರದೆಂದು ವೈದ್ಯರು ಸಾಮಾನ್ಯವಾಗಿ ಹೇಳಿ ಕಳಿಸುತ್ತಾರೆ. ಕೂಸೂ ಕೈಯಲ್ಲಿ, ಕೂಸಿಗಿಂತ ಭಾರದ ಚೀಲವೂ ಬೆನ್ನಿನಲ್ಲಿ ಎಂದರೆ ಆ ಮಾತಿಗೆ ಏನು ಅರ್ಥ ಉಳಿಯಿತು? ಖಾಲಿ ಚೀಲ ಅರ್ಧ ಕೆ.ಜಿ.ಯನ್ನೂ, ತುಂಬಿದ ಚೀಲ ಎರಡೂವರೆ ಕೆ.ಜಿ.ಯನ್ನೂ ಮೀರಬಾರದೆಂದು ಎರಡನೆಯ ಮಗುವಿನ ಸಮಯದಲ್ಲಿ ನಾನೇ ಗೆರೆ ಎಳೆದುಕೊಂಡಿದ್ದೆ. ಆಗ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಾಗ ಚೀಲವನ್ನು ತೊಡೆಯ ಪಕ್ಕದಲ್ಲಿ ಇರಿಸಿಕೊಳ್ಳಲು ಸಾಧ್ಯವಾಯಿತು. ಹಿಂದಿನ ಚೀಲ ಗದ್ದಲದಲ್ಲಿ ಹಿಂದೆ ನಿಂತವರ ಮುಖಕ್ಕೆ ತಾಕುತ್ತಿತ್ತು. ರೈಲಿನಲ್ಲಿ ಗದಗಿನಿಂದ ಬಂದು ಹುಬ್ಬಳ್ಳಿಯಲ್ಲಿ ಇಳಿಯುವವರಿಗಂತೂ ಭಾರದ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ. ಪೂರ್ತಿ ನಡೆಯುವ ಪ್ರಸಂಗ ಬರದಿದ್ದರೂ, ಕೂಸನ್ನು ಎತ್ತಿಕೊಂಡವರಿಗೆ ಅದರ ಕಾಲುಭಾಗವೇ ಸಾಕು.

ತವರಿನಿಂದ ಗಂಡನ ಮನೆಗೆ ಕೂಸನ್ನು ಕಳಿಸುವ ದಿನದ ಸಾಮಾನಿಗೂ ಈ ಚೀಲಕ್ಕೂ ಗಂಟು ಹಾಕಬೇಡಿ. ಆ ದಿನ ಕಲಘಟಗಿಯ ಬಣ್ಣದ ತೊಟ್ಟಿಲೇ ಹೊರಟಿರುತ್ತದೆ, ಕೌದಿ, ಪಾತ್ರೆ, ಬುತ್ತಿ ಎಲ್ಲ ಇರುತ್ತವೆ. ಅವು ಟ್ರಂಕಿನಲ್ಲಿ ಹೋಗಲಿ. ದಾರಿಯ ಮೂರು ನಾಲ್ಕು ಗಂಟೆಗೆ ಬೇಕಾದದ್ದು ಮಾತ್ರ ಸಣ್ಣ ಚೀಲದಲ್ಲಿ ತಾಯಿಯ ಪಕ್ಕ ಇರಲಿ. "ಆ ಒಂದು ದಿನಕ್ಕಾದರೂ ದೊಡ್ಡದು ಬೇಕಲ್ಲ" ಎಂಬ ವಾದದಿಂದಲೇ ನಾನು 30 ಲೀಟರಿನ ಬಲೆಗೆ ಬಿದ್ದದ್ದು.

ಹೆಸರಿಗೆ ಡೈಪರ್ ಬ್ಯಾಗೇ ಆಗಬೇಕೆಂದೇನೂ ಇಲ್ಲ. ಬಾಯಿ ಅಗಲವಾಗಿರಬೇಕು, ತಳ ಚಪ್ಪಟೆಯಾಗಿದ್ದು ಬೆಂಚಿನ ಮೇಲೆ ತಾನಾಗಿ ನಿಲ್ಲಬೇಕು, ಒಳಬಟ್ಟೆ ತಿಳಿಬಣ್ಣದ್ದಾಗಿರಬೇಕು, ತೊಳೆಯಲು ಬರಬೇಕು. ಹೊರಗಡೆ ತಾಯಿ ಕಾರ್ಡಿಗೆ ಮಾತ್ರ ಮೀಸಲಾದ ಒಂದು ಜೇಬಿರಬೇಕು. ಒಳಗಿನ ಇಪ್ಪತ್ತು ಜೇಬಿಗೆ ಬದಲಾಗಿ ಹಳೆಯ ನೂಲಿನ ಸೀರೆಯಿಂದ ಮೂರು ಸಣ್ಣ ಚೀಲ ಹೊಲಿಸಿ, ಒಂದರಲ್ಲಿ ಬದಲಿಸುವ ಬಟ್ಟೆ, ಒಂದರಲ್ಲಿ ಡೈಪರ್, ಒಂದರಲ್ಲಿ ತಾಯಿಯದು ಎಂದು ಹಾಕಿಟ್ಟರೆ ಕತ್ತಲೆಯಲ್ಲಿಯೂ ಕೈಗೆ ಸಿಗುತ್ತವೆ. ಒಂದೆರಡು ಹಳೆಯ ಪತ್ರಿಕೆಯ ಹಾಳೆಗಳೂ ಇರಲಿ. ಬಳಸಿದ ಡೈಪರನ್ನು ಭದ್ರವಾಗಿ ಸುತ್ತಿಯೇ ಕಸಕ್ಕೆ ಹಾಕಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲಿಯೇ ಇತ್ತು, ನಮ್ಮ ಬಸ್‌ ನಿಲ್ದಾಣಗಳ ಮೂಲೆಗಳನ್ನು ನೋಡಿದರೆ ಅದನ್ನು ಓದಿದವರು ಕಡಿಮೆ ಎನ್ನಿಸುತ್ತದೆ.

ಕೊನೆಯದಾಗಿ ಒಂದು ಪರೀಕ್ಷೆ ಇದೆ, ಅದನ್ನು ಅಂಗಡಿಯಲ್ಲಿಯೇ ಮಾಡಬೇಕು. ಎಡಗೈಯಲ್ಲಿ ಕೂಸಿದೆಯೆಂದು ಭಾವಿಸಿ, ಬಲಗೈಯೊಂದರಿಂದಲೇ ಚೀಲವನ್ನು ಹೆಗಲಿಂದ ಇಳಿಸಿ, ತೆರೆದು, ತಳದಲ್ಲಿರುವ ವಸ್ತುವನ್ನು ತೆಗೆದು, ಮತ್ತೆ ಮುಚ್ಚಲು ಬರುತ್ತದೆಯೇ ನೋಡಬೇಕು. ಇದನ್ನು ಫೋನಿನಲ್ಲಿ ಹೇಳಿದಾಗ ತಂಗಿ ನಕ್ಕಳು, ಅವಳ ಅತ್ತೆ ಮಾತ್ರ ನಗಲಿಲ್ಲ. ಮರುದಿನವೇ ಅವರು ಮೂರು ಕೆ.ಜಿ. ಜೋಳವನ್ನು ದುಪಟಿಯಲ್ಲಿ ಸುತ್ತಿ ಕೂಸಿನಂತೆ ಕಟ್ಟಿಕೊಂಡು ಸೊಸೆಯ ಜೊತೆ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋದರಂತೆ. ಅಂಗಡಿಯವ ಮೊದಲು ಗಲಿಬಿಲಿಗೊಂಡು, ವಿಷಯ ತಿಳಿದ ಮೇಲೆ ಸ್ಟೂಲು ತಂದು ಕೊಟ್ಟನಂತೆ. ಜೋಳದ ಕೂಸನ್ನು ಅತ್ತೆಯೇ ಎತ್ತಿಕೊಂಡು ಒಂದೊಂದೇ ಚೀಲ ತೆಗೆದು ಮುಚ್ಚಿ ನೋಡಿದ್ದಾರೆ. ಮೊದಲ ಎರಡರ ಜಿಪ್ ಅರ್ಧದಲ್ಲಿ ಸಿಕ್ಕಿಕೊಂಡಿತು. ಮೂರನೆಯದು 12, 10, 6 ಇಂಚಿನದು, ತಿಳಿನೀಲಿ ಒಳಬಟ್ಟೆ, ಒಂದೇ ಎಳೆತಕ್ಕೆ ತೆರೆಯಿತು. ಅದನ್ನೇ ತಂದಿದ್ದಾರೆ.