ಆ ಫೋಟೋದಲ್ಲಿರೋ ನರ್ಸ್‌ಗೆ ಸಂಬಳ ಯಾರು ಕೊಡ್ತಾರೆ ಸ್ವಾಮಿ?

ಬೆಳಿಗ್ಗೆಯಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ, ಇನ್ನು ಆಗುವುದಿಲ್ಲ.

ನಮ್ಮ ವಿದ್ಯಾನಗರದ ಪಾರ್ಕಿಗೆ ವಾಕಿಂಗ್ ಬರುವವರನ್ನೆಲ್ಲ ಕೂರಿಸಿಕೊಂಡು ಇವತ್ತು ಒಬ್ಬ ಇನ್ಶೂರೆನ್ಸ್ ಏಜೆಂಟ್ ‘ಇಳಿವಯಸ್ಸಿಗೆ ಸಂಪೂರ್ಣ ಆಸರೆ’ ಅಂತ ಭಾಷಣ ಬಿಗಿದ. ಮಂಡಕ್ಕಿ, ಮಿರ್ಚಿ, ಟೀ ಎಲ್ಲ ಅವನದೇ ಖರ್ಚು. ಎಲ್ಲರ ಕೈಗೂ ಒಂದೊಂದು ಬಣ್ಣದ ಕಾಗದ. ಅದರಲ್ಲಿ ವೀಲ್‌ಚೇರಿನ ಮೇಲೆ ಒಬ್ಬ ಅಜ್ಜಿ, ಅವರ ಭುಜ ಹಿಡಿದು ನಗುತ್ತಾ ನಿಂತ ನರ್ಸ್. ನಾನು ಕೇಳಿದ್ದು ಒಂದೇ ಪ್ರಶ್ನೆ: “ಈ ಹುಡುಗಿಯ ಸಂಬಳ ನಿಮ್ಮ ಪಾಲಿಸಿ ಕೊಡುತ್ತೇನಪ್ಪಾ?”

“ಅಯ್ಯೋ ಮೇಡಂ, ಅದು ಫೋಟೋ ಅಷ್ಟೇ.”

ನಮ್ಮ ಮನೆ ಕತೆ ನಿಮಗೆಲ್ಲ ಗೊತ್ತು. ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್‌ಗೆ ಮೆಡಿಕ್ಲೈಮ್ ಬಂತು. ಕೋ-ಪೇ ಅಂತ ಒಂದು ಪಾಲು ನಾವು ಕೈಯಿಂದ ಹಾಕಿದೆವು, ಹೋಗಲಿ. ಮನೆಗೆ ಕರೆತಂದ ಮೇಲೆ ಶುರುವಾಯಿತು ನೋಡಿ ಅಸಲಿ ಖರ್ಚು. ವಾಟರ್ ಬೆಡ್, ಡೈಪರ್, ಅದರ ಮೇಲೆ ಹೋಮ್ ನರ್ಸ್‌ಗೆ ತಿಂಗಳಿಗೆ 20 ಸಾವಿರಕ್ಕೂ ಜಾಸ್ತಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣು. ಒಬ್ಬರ ಕೈಲಿ ಆಗುವ ಕೆಲಸವಲ್ಲ. ಅಡ್ಡಕ್ಕೆ ಹಾಸಿದ ದುಪ್ಪಟಿಯನ್ನು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು, ಅತ್ತೆಯ ಮೊಣಕಾಲ ನಡುವೆ ದಿಂಬು ಇಟ್ಟು, ಒಂದೇ ಸಲಕ್ಕೆ ಹೊರಳಿಸಬೇಕು. ಸ್ವಲ್ಪ ಆಚೀಚೆ ಆದರೂ ಅವರು ಕೂಗುವ ಕೂಗು ಎದುರು ಮನೆಗೆ ಕೇಳುತ್ತದೆ.

ಇದಕ್ಕೆ ಪಾಲಿಸಿಯಿಂದ ಬಂದದ್ದು ಸೊನ್ನೆ. ಡಿಸ್ಚಾರ್ಜ್ ಆದ ಮೇಲೆ ಕೆಲವು ದಿನ ಮಾತ್ರೆ, ಟೆಸ್ಟ್ ಬಿಲ್ ಕೊಟ್ಟರು, ಅಷ್ಟೇ.

ಗಣಿತದ ಟೀಚರ್ ಬುದ್ಧಿ, ಸುಮ್ನೆ ಬಿಡುವುದಿಲ್ಲ. ಪಾಲಿಸಿ ಪುಸ್ತಕ ಪೂರ್ತಿ ಓದಿದ್ದೇನೆ. ‘ಯಾವುದಕ್ಕೆ ಕೊಡುವುದಿಲ್ಲ’ ಅನ್ನುವ ಪಟ್ಟಿಯಲ್ಲಿ ಕೋಡ್ 05 ಅಂತ ಇರುತ್ತದೆ, ತೆಗೆದು ನೋಡಿ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಓಡಾಡಿಸುವುದು, ಇಂಥ ಆರೈಕೆ ಮನೆಯಲ್ಲಾಗಲಿ ನರ್ಸಿಂಗ್ ಹೋಮಿನಲ್ಲಾಗಲಿ, ಅದನ್ನು ನರ್ಸ್ ಮಾಡಲಿ ಬೇರೆ ಯಾರೇ ಮಾಡಲಿ, ಹಣ ಇಲ್ಲ. ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ ಎಲ್ಲ ಕಂಪನಿಗಳಿಗೂ ಮಾಡಿಕೊಟ್ಟ ಮಾದರಿ ಒಕ್ಕಣೆ ಇದು. ಈಗ ಹೇಳಿ, “ನಾಲ್ಕು ಕಂಪನಿ ಹೋಲಿಸಿ ನೋಡಿ ಮೇಡಂ” ಅಂದರೆ ನಾನು ಏನು ಹೋಲಿಸಲಿ? ಪ್ರೀಮಿಯಂ ಬೇರೆ, ರೂಮ್ ಬಾಡಿಗೆ ಮಿತಿ ಬೇರೆ, ಕೋ-ಪೇ ಬೇರೆ. ನನಗೆ ಬೇಕಾದ ಆ ಒಂದು ಸಾಲು ಮಾತ್ರ ತಿರುಗಿಸಿ ಮುರುಗಿಸಿ ಅದೇ.

“ಕ್ರಿಟಿಕಲ್ ಇಲ್‌ನೆಸ್ ತಗೊಳ್ಳಿ” ಅಂದ ಏಜೆಂಟ್. ಅದು ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಒಂದೇ ಗಂಟು ಕೊಡುತ್ತದೆ. ಲಕ್ವ ಹೊಡೆದರೆ ಸರಿ, ಅದೂ ಶಾಶ್ವತ ಅಂತ ಸಾಬೀತಾಗಬೇಕು. ಸೊಂಟ ಮುರಿದರೆ? ಬರೀ ವಯಸ್ಸಾಗಿ ಕಾಲು ಸೋತರೆ? ವಯಸ್ಸು ಯಾವ ಪಟ್ಟಿಯಲ್ಲೂ ಇಲ್ಲ. 2025ರ ಸೆಪ್ಟೆಂಬರ್‌ನಿಂದ ಪ್ರೀಮಿಯಂ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಹೋಯಿತು ಅಂತ ಇನ್ನೊಂದು ಸಲ ಹೇಳಿದ. ಸಂತೋಷ. ಕೊಡದೇ ಇರುವುದನ್ನು ಈಗ ಅಗ್ಗದಲ್ಲಿ ಕೊಡುವುದಿಲ್ಲ!

ಕೇಂದ್ರ ಸರ್ಕಾರ 2024ರಲ್ಲಿ 70 ದಾಟಿದವರಿಗೆಲ್ಲ ಅಂತ ಘೋಷಿಸಿದ 5 ಲಕ್ಷದ ಆಯುಷ್ಮಾನ್ ಕೂಡ ಆಸ್ಪತ್ರೆಯ ಬಾಗಿಲೊಳಗಿನ ಮಾತೇ.

ಅಷ್ಟರಲ್ಲಿ ರಿಟೈರ್ಡ್ ಹಿರಿಯರೊಬ್ಬರು ಬಾಯಿ ಹಾಕಿದರು. “ಅಲ್ಲಮ್ಮಾ, ನಮ್ಮ ಕಡೆ ಮಕ್ಕಳು ನೋಡ್ಕೊಂತಾರೆ. ಅದೆಲ್ಲ ಫಾರಿನ್‌ನೋರಿಗೆ.” ಮಕ್ಕಳು! ಅವರ ಮಗ ಇರುವುದು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, ಬರುವುದು ದುಗ್ಗಮ್ಮನ ಹಬ್ಬಕ್ಕೆ. ನೇರವಾಗಿ ಹೇಳಿ ಸಾರ್, ಸೊಸೆ ನೋಡಿಕೊಳ್ಳುತ್ತಾಳೆ ಅಂತ. ಸೊಸೆಯೇ ಈ ದೇಶದ ಅತಿ ಅಗ್ಗದ ಪಾಲಿಸಿ: ಪ್ರೀಮಿಯಂ ಇಲ್ಲ, ವೇಟಿಂಗ್ ಪೀರಿಯಡ್ ಇಲ್ಲ, ಮದುವೆಯಾದ ದಿನದಿಂದಲೇ ಕವರ್.

ಅತ್ತೆ ಮೇಲೆ ನನಗೆ ಪ್ರೀತಿ ಇಲ್ಲ ಅಂತಲ್ಲ. ಆದರೆ ಹೋಮ್ ನರ್ಸ್ ಹೇಳದೇ ಕೇಳದೇ ಊರಿಗೆ ಹೋದ ವಾರ, ರಾತ್ರಿ ಮೂರು ಗಂಟೆಗೆ ಡೈಪರ್ ಬದಲಿಸುವಾಗ ನನ್ನ ತಲೆಯಲ್ಲಿ ಓಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಇವರು ಪಕ್ಕದ ರೂಮಿನಲ್ಲಿ ಗೊರಕೆ ಹೊಡೆಯುತ್ತಿದ್ದರು. (ಓದುತ್ತಾರೆ. ಓದಲಿ.)

ಇನ್ನು ಫಾರಿನ್ ಮಾತು. ಜರ್ಮನಿಯಲ್ಲಿ 1995ರಿಂದಲೇ ಆರೈಕೆಗೆ ಅಂತ ಕಡ್ಡಾಯ ವಿಮೆ ಇದೆ. ಜಪಾನ್‌ನಲ್ಲಿ 2000ರಿಂದ, 40 ವರ್ಷ ತುಂಬಿದವರೆಲ್ಲ ಕಟ್ಟುತ್ತಾರೆ. ಅತ್ತೆ-ಸೊಸೆ, ಅಪ್ಪ-ಅಮ್ಮ ಅಂತ ನಮ್ಮ ಹಾಗೇ ಬದುಕುವ ಸಿಂಗಾಪುರದವರೂ 2020ರಲ್ಲಿ ಹೊಸ ಯೋಜನೆ ತಂದರು. ಸ್ನಾನ, ಬಟ್ಟೆ, ಊಟ, ಪಾಯಿಖಾನೆ, ಓಡಾಟ, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಈ ಆರರಲ್ಲಿ ಮೂರು ಸ್ವಂತವಾಗಿ ಆಗದಿದ್ದರೆ ತಿಂಗಳು ತಿಂಗಳು ಕೈಗೆ ದುಡ್ಡು. ಆಸ್ಪತ್ರೆ ಬಿಲ್ ಕೇಳುವುದಿಲ್ಲ. ನಮ್ಮತ್ತೆಗೆ ಆರರಲ್ಲಿ ಐದು ಆಗುವುದಿಲ್ಲ. ಊಟ ಮಾತ್ರ ತಾವೇ ಮಾಡುತ್ತಾರೆ, ಉಪ್ಪು ಕಡಿಮೆ ಅಂತ ಬೈಯುವುದೂ ತಾವೇ.

ನಮ್ಮಲ್ಲಿ ಸಂಧ್ಯಾ ಸುರಕ್ಷಾ ಇದೆ, ಬಡವರಿಗೆ, 65 ದಾಟಿದರೆ ತಿಂಗಳಿಗೆ 1,200 ರೂಪಾಯಿ. ಡೈಪರ್‌ಗೇ ಸಾಲುವುದಿಲ್ಲ. ಗಾರೆ ಕೆಲಸದವರ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದರೆ ಒಬ್ಬರ ಕೂಲಿ ನಿಂತಿತು ಅಂತಲೇ ಲೆಕ್ಕ.

ಮೆಡಿಕ್ಲೈಮ್ ಬೇಡ ಅನ್ನುತ್ತಿಲ್ಲ, ಅದು ಬೇಕೇ ಬೇಕು, ನಾವೂ ಬಿಡುವುದಿಲ್ಲ. ಆದರೆ ಆಸರೆಗೆ ಅಂತ ಎತ್ತಿಟ್ಟ ದುಡ್ಡನ್ನು ಆ ಏಜೆಂಟ್ ಕೈಗೆ ಕೊಡುವುದಿಲ್ಲ. ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. 8.2 ಪರ್ಸೆಂಟ್ ಬಡ್ಡಿಗೆ ಲೆಕ್ಕ ಹಾಕಿದರೆ ತಿಂಗಳಿಗೆ 20,500 ಬೀಳುತ್ತದೆ, ಕೊಡುವುದು ಮೂರು ತಿಂಗಳಿಗೊಮ್ಮೆ. ಒಬ್ಬ ಹೋಮ್ ನರ್ಸ್‌ಗೆ ಹೆಚ್ಚುಕಡಿಮೆ ಸಾಕು. 30 ಲಕ್ಷ ಎಲ್ಲಿಂದ ಬರುತ್ತದೆ ಅಂತ ಕೇಳಬೇಡಿ, ನಮ್ಮ ಹತ್ತಿರವೂ ಅಷ್ಟಿಲ್ಲ.

ಈ ಗೆಳೆಯರ ಪಟ್ಟಿಯಲ್ಲಿ ಪಾಲಿಸಿ ಮಾಡಿಸುವವರು ತುಂಬಾ ಜನ ಇದ್ದೀರಿ. ಮನೆಯಲ್ಲಿ ಆರೈಕೆ ಮಾಡುವವರ ಸಂಬಳ ಕೊಡುವ ಪಾಲಿಸಿ ನಿಮ್ಮ ಹತ್ತಿರ ಇದ್ದರೆ ಕೆಳಗೆ ಹಾಕಿ. ಬಣ್ಣದ ಕಾಗದ ಬೇಡ. ಪಾಲಿಸಿ ಪುಸ್ತಕದ ಆ ಪುಟದ ಫೋಟೋ ಹಾಕಿ, ಓದಿಕೊಳ್ಳುತ್ತೇನೆ.